ಕಡತ ಓದುವ ಕಣ್ಣು

ಪರಿಸರ ಹೋರಾಟಗಾರರೆಂದರೆ ಘೋಷಣೆ, ಬ್ಯಾನರು, ರಸ್ತೆತಡೆ ಎಂದುಕೊಳ್ಳುವವರೇ ಹೆಚ್ಚು. ನಾನು ಮೆಚ್ಚುವುದು ಅವರ ಕಾಗದದ ಕಸುಬನ್ನು. ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆಯ ನಾಗರಿಕ ಸೇವಾ ಟ್ರಸ್ಟ್‌ನಂಥ ಸಂಸ್ಥೆಗಳಲ್ಲಿ ದುಡಿಯುವವರಿಗೆ ಅರ್ಜಿ, ಆಕ್ಷೇಪಣೆ, ಪಹಣಿಗಳೇ ಹತಾರ.

2006ರ ಕೇಂದ್ರ ಪರಿಸರ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು; ಅದಕ್ಕೆ ಕನಿಷ್ಠ 30 ದಿನಗಳ ಮುನ್ಸೂಚನೆ. ಯೋಜನೆಯ ಪರಿಸರ ಪರಿಣಾಮ ವರದಿಯಲ್ಲಿ ಕನ್ನಡದಲ್ಲಿ ಸಿಗುವುದು ಸಾಮಾನ್ಯವಾಗಿ ಸಾರಾಂಶವಷ್ಟೇ. ಇಂಗ್ಲಿಷಿನ ದಪ್ಪ ವರದಿಯೊಳಗೆ ಮೂರು ಬೆಳೆಯ ಗದ್ದೆ ಪಾಳುಭೂಮಿಯಾಗಿದ್ದರೆ, ಹರಿಯುವ ತೋಡು ನಕ್ಷೆಯಿಂದಲೇ ಮಾಯವಾಗಿದ್ದರೆ, ಅದನ್ನು ಹಿಡಿಯಲು ಸರ್ವೆ ನಂಬರಿನ ಜೊತೆಗೆ ಊರಿನ ಮಣ್ಣೂ ಗೊತ್ತಿರಬೇಕು.

2013ರಲ್ಲಿ ಮೂಡುಬಿದಿರೆ ಬಳಿಯ ನಿಡ್ಡೋಡಿಗೆ 4,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರದ ಮಾತು ಬಂತು. ಆ ಮಣ್ಣು ಬಲ್ಲ ಊರವರು ಎದ್ದು ನಿಂತರು, ಸ್ಥಾವರ ಬರಲಿಲ್ಲ.

ಎತ್ತಿನಹೊಳೆ ಯೋಜನೆಯಲ್ಲಿ ಹಾಗಾಗಲಿಲ್ಲ. ನೇತ್ರಾವತಿಯ ಮೇಲ್ಭಾಗದ ಹಳ್ಳಗಳಿಂದ ವರ್ಷಕ್ಕೆ 24.01 ಟಿಎಂಸಿ ನೀರೆತ್ತುತ್ತೇವೆ ಎಂದಿತು ಸರ್ಕಾರ. ಅಲ್ಲಿ ಸಿಗುವುದೇ 9.55 ಟಿಎಂಸಿ ಎಂದಿತು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ. ಆದರೂ 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸಕ್ಕೆ ಉತ್ತರ ಬೇಕಿರುವುದು ಕೆಳಗೆ, ಅದೇ ನೇತ್ರಾವತಿಯ ದಡದ ಬಂಟ್ವಾಳದವರಿಗೆ.