ಎರಡು ರಾತ್ರಿಯ ನೆಂಟ

ರೇಸಿನ ಕಾಲ ಶುರುವಾಯಿತೆಂದರೆ ನನ್ನ ಮೊಬೈಲಿಗೆ ಬರುವ ಚಿತ್ರಗಳೆಲ್ಲ ಒಂದೇ ಥರ. ಬಾಲ್ಕನಿಯ ಕಂಬಿ, ಅದರ ಮೇಲೊಂದು ಒಂಟಿ ಪಾರಿವಾಳ, ಅದರ ಕಾಲಲ್ಲಿ ರಿಂಗು. ಕೆಳಗೆ ಪ್ರಶ್ನೆ: "ಸಾರ್, ದಾರಿ ತಪ್ಪಿ ಬಂದಿದೆ, ಏನ್ ಮಾಡ್ಲಿ?" ಬಹಳ ಸಲ ಅದು ದಾರಿ ತಪ್ಪಿರುವುದೇ ಇಲ್ಲ. ದಣಿದಿರುತ್ತದೆ, ಅಷ್ಟೇ. ಬೆಂಗಳೂರಿನ ಹೋಮರ್‌ಗಳನ್ನು, ಅಂದರೆ ಮನೆಗೆ ಮರಳುವ ರೇಸ್ ಪಾರಿವಾಳಗಳನ್ನು, ಗಾಡಿಯಲ್ಲಿ ತುಂಬಿ ಉತ್ತರಕ್ಕೆ, ಆಂಧ್ರ ತೆಲಂಗಾಣಗಳಿಗೆ, ಇನ್ನೂ ಆಚೆಗೆ ಒಯ್ದು ಬಿಡುತ್ತಾರೆ. ಗಾಳಿ ಬೆನ್ನಿಗಿದ್ದರೆ 500 ಕಿ.ಮೀ. ದೂರದಿಂದ ಬೆಳಿಗ್ಗೆ ಹೊರಟ ಹಕ್ಕಿ ಮಧ್ಯಾಹ್ನಕ್ಕೆ ಮನೆಯಲ್ಲಿರುತ್ತದೆ. ಗಾಳಿ ಎದುರಾಗಿದ್ದರೆ ಚಿಕ್ಕಬಳ್ಳಾಪುರ ದಾಟುವ ಹೊತ್ತಿಗೆ ಕತ್ತಲು. ಪಾರಿವಾಳ ರಾತ್ರಿ ಹಾರುವ ಜೀವವಲ್ಲ. ಯಾವ ತಾರಸಿ ಸಿಕ್ಕಿತೋ ಅಲ್ಲಿ ಇಳಿದುಬಿಡುತ್ತದೆ. ಬಂದಿರುವುದು ಬೆಂಗಳೂರಿನ ಹಕ್ಕಿಯೇ ಆಗಬೇಕೆಂದೂ ಇಲ್ಲ, ಚೆನ್ನೈನವರದೂ ಇರಬಹುದು.

ಬೀದಿ ಪಾರಿವಾಳದಿಂದ ಇದನ್ನು ಬೇರೆ ಮಾಡಲು ರಿಂಗು ನೋಡುವ ತನಕ ಕಾಯಬೇಕಿಲ್ಲ. ಎದೆ ಅಗಲ, ಕೊಕ್ಕಿನ ಬುಡದಲ್ಲಿ ಸುಣ್ಣ ಬಳಿದಂಥ ಬಿಳಿ ಗಂಟು, ಮನುಷ್ಯರನ್ನು ಕಂಡರೆ ಓಡದ ನಿಲುವು. ಗುಂಪಿನಲ್ಲಿ ಸೇರದೆ ಒಂದೇ ಕೂತಿರುತ್ತದೆ. ಹಿಡಿಯಲು ಅಟ್ಟಾಡಿಸಬೇಡಿ. ಕತ್ತಲಾದ ಮೇಲೆ ಅದಕ್ಕೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಆಗ ದೀಪ ಆರಿಸಿ ಎರಡೂ ಕೈಯಿಂದ ಎತ್ತಿಕೊಂಡರೆ ಆಯಿತು. ಕಾಲುಗಳು ತೋರುಬೆರಳು ಮತ್ತು ನಡುಬೆರಳ ನಡುವೆ, ಹೆಬ್ಬೆರಳು ರೆಕ್ಕೆಯ ತುದಿಗಳ ಮೇಲೆ. ಹಾಗೆ ಹಿಡಿದಾಗಲೇ ಎದೆಯ ಮೂಳೆ ಸವರಿ ನೋಡಿ. ಕತ್ತಿಯಂತೆ ಚುಚ್ಚಿದರೆ ಒಂದೆರಡು ದಿನದಿಂದ ಊಟ ಕಂಡಿಲ್ಲ. ಹಿಕ್ಕೆ ಹಸಿರು ನೀರಾಗಿದ್ದರೂ ಅದೇ ಅರ್ಥ.

ಮೊದಲು ನೀರು, ಆಮೇಲೆ ಕಾಳು. ಈ ಕ್ರಮ ತಪ್ಪಬಾರದು. ಬಾಯಾರಿದ ಹಕ್ಕಿಗೆ ಒಣ ಕಾಳು ಹಾಕಿದರೆ ಅದು ಮೂಸಿಯೂ ನೋಡುವುದಿಲ್ಲ, ತಿಂದರೂ ಮೇವಿನ ಚೀಲದಲ್ಲಿ ಹಾಗೇ ಕೂರುತ್ತದೆ. ನೀರಿನ ಪಾತ್ರೆ ಆಳವಿರಬೇಕು. ಕೋಳಿಯಂತೆ ಗುಟುಕರಿಸಿ ತಲೆ ಎತ್ತುವ ಅಭ್ಯಾಸ ಪಾರಿವಾಳಕ್ಕಿಲ್ಲ, ಕೊಕ್ಕು ಮುಳುಗಿಸಿ ಒಂದೇ ಸಮ ಹೀರುತ್ತದೆ. ತಟ್ಟೆಯಲ್ಲಿ ನೀರಿಟ್ಟು "ಕುಡೀತಿಲ್ಲ ಸಾರ್" ಎಂದು ಗಾಬರಿಯಾಗುವವರು ಒಂದು ಲೋಟ ಇಟ್ಟು ನೋಡಲಿ. ಚಿಟಿಕೆ ಗ್ಲೂಕೋಸ್ ಹಾಕಿದರೆ ಒಳ್ಳೆಯದು. ಆಮೇಲೆ ಮೆಕ್ಕೆಜೋಳ, ಹೆಸರುಕಾಳು, ಒಣ ಬಟಾಣಿ, ಗೋಧಿ, ಇವು ಇಲ್ಲದಿದ್ದರೆ ಬರಿ ಅಕ್ಕಿಯಾದರೂ ಸರಿ. ಬ್ರೆಡ್ಡು, ಹಾಲು, ಮೊಸರನ್ನ ಬೇಡ. ಕುಡಿದ ನೀರು ಎದೆಯ ಮುಂದಿನಿಂದ ಸೋರುತ್ತಿದ್ದರೆ ಗಿಡುಗವೋ ಕರೆಂಟು ತಂತಿಯೋ ಮೇವಿನ ಚೀಲವನ್ನೇ ಹರಿದಿದೆ ಎಂದು ತಿಳಿಯಿರಿ. ಹೊಲಿಗೆ ಹಾಕಲು ಪಶುವೈದ್ಯರೇ ಬೇಕು. ಮಾಂಜಾ ಸುತ್ತಿದ ರೆಕ್ಕೆಯೂ ಹಾಗೆಯೇ, ಎಳೆಯುವುದಕ್ಕೆ ಹೋಗಬೇಡಿ. ನೈಲಾನ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ, ಆದರೂ ಮರದ ಕೊಂಬೆಗಳಲ್ಲಿ ಅದು ಜೋತಾಡುತ್ತಲೇ ಇದೆ. ಬೆಕ್ಕು ಕಚ್ಚಿದ್ದರೆ ಗಾಯ ಸಾಸಿವೆಯಷ್ಟಿದ್ದರೂ ಅದೇ ದಿನ ಔಷಧಿ ಬೀಳಬೇಕು.

ಇಷ್ಟರವರೆಗೂ ಜನ ಸರಿಯಾಗಿಯೇ ಮಾಡುತ್ತಾರೆ. ಎಡವುವುದು ಆಮೇಲೆ. ಹಕ್ಕಿ ಚೇತರಿಸಿಕೊಳ್ಳುತ್ತದೆ, ಮಕ್ಕಳು ಹೆಸರಿಡುತ್ತಾರೆ, "ಇನ್ನೊಂದು ವಾರ ಇರಲಿ ಪಾಪ" ಎನ್ನುತ್ತಾರೆ. ನನ್ನ ತಕರಾರು ಈ ಪಾಪದ ಬಗ್ಗೆ. ಗಾಯವಿಲ್ಲದ ಹೋಮರಿಗೆ ಎರಡು ರಾತ್ರಿ ಸಾಕು. ಎಳೆಯ ಹಕ್ಕಿಯನ್ನು ಹೆಚ್ಚು ದಿನ ಇಟ್ಟುಕೊಂಡರೆ ನಿಮ್ಮ ತಾರಸಿಯೇ ಅದರ ಮನೆಯಾಗುತ್ತದೆ. ಹಳೆಯ ಹಕ್ಕಿ ಹಾಗೆ ಒಗ್ಗುವುದಿಲ್ಲ, ಆದರೆ ಪಂಜರದಲ್ಲಿ ಅದರ ರೆಕ್ಕೆಯ ಕಸುವು ಇಳಿಯುತ್ತದೆ. ಎರಡರಲ್ಲೂ ಕಳೆದುಕೊಳ್ಳುವವನು ಯಜಮಾನ. ಸಾಕುವವರಲ್ಲಿಯೂ ಇಂಥವರಿದ್ದಾರೆ: ಒಳ್ಳೆಯ ತಳಿಯ ಹಕ್ಕಿ ಬಂದು ಇಳಿದರೆ ಸದ್ದಿಲ್ಲದೆ ಮರಿ ಮಾಡಿಸುತ್ತಾರೆ. ನೆರವು ಎಂದು ಶುರುವಾದದ್ದು ಕಳ್ಳತನದಲ್ಲಿ ಮುಗಿಯುವುದು ಹೀಗೆ.

ಆ ಎರಡು ರಾತ್ರಿಯೂ ಎಲ್ಲಿ ಇಡುತ್ತೀರಿ ಎಂಬುದು ಮುಖ್ಯ. ಹಾಲಿನಲ್ಲಿ ಟೀವಿಯ ಪಕ್ಕ, ನಡುರಾತ್ರಿಯವರೆಗೆ ಟ್ಯೂಬ್‌ಲೈಟ್ ಉರಿಯುವ ಕಡೆ ಇಡಲೇಬೇಡಿ. ಪಾರಿವಾಳ ದಿಕ್ಕು ಹಿಡಿಯುವುದು ಸೂರ್ಯನನ್ನು ನೋಡಿ. ಹೊತ್ತು ಎಷ್ಟಾಯಿತು ಎಂದು ಮೈಯೊಳಗಿನ ಗಡಿಯಾರ ಹೇಳಿದರೆ ಮಾತ್ರ ಸೂರ್ಯ ಇರುವ ಜಾಗಕ್ಕೆ ಅರ್ಥ ಬರುತ್ತದೆ. ಕೃತಕ ಬೆಳಕಿನಲ್ಲಿ ಕೆಲವು ದಿನ ಇಟ್ಟು ಈ ಗಡಿಯಾರವನ್ನು 6 ಗಂಟೆ ಜರುಗಿಸಿದ ಹಕ್ಕಿಗಳು ಬಿಟ್ಟ ಕೂಡಲೇ ಸುಮಾರು 90 ಡಿಗ್ರಿ ಬೇರೆ ಕಡೆ ಹಾರಿದ್ದನ್ನು ಪ್ರಯೋಗಗಳು ತೋರಿಸಿವೆ. ಮೋಡವಿದ್ದರೆ ಏನು ಗತಿ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಕೀಟನ್ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಾರಿವಾಳಗಳಿಗೆ ಸಣ್ಣ ಅಯಸ್ಕಾಂತ ಕಟ್ಟಿದ್ದರು. ಬಿಸಿಲಿನ ದಿನ ಅವಕ್ಕೆ ಏನೂ ಆಗಲಿಲ್ಲ, ಮೋಡದ ದಿನ ಗೊಂದಲಕ್ಕೆ ಬಿದ್ದವು. ಅಂದರೆ ಸೂರ್ಯ ಕಾಣದಾಗ ಭೂಮಿಯ ಕಾಂತತ್ವ ಕೈಹಿಡಿಯುತ್ತದೆ. ಇಟಲಿಯ ಪೀಸಾದ ಫ್ಲೋರಿಯಾನೋ ಪಾಪಿ ಮತ್ತು ಸಂಗಡಿಗರು ವಾಸನೆಯ ಪಾತ್ರವನ್ನು ಎತ್ತಿ ತೋರಿಸಿದರು. ಪರಿಚಿತ ಸೀಮೆಗೆ ಬಂದ ಮೇಲೆ ಹೆದ್ದಾರಿಯನ್ನೇ ಹಿಡಿದು ಹಾರುವುದನ್ನು ಆಕ್ಸ್‌ಫರ್ಡಿನವರು ಕಂಡರು. ಇಷ್ಟೆಲ್ಲ ಇದ್ದೂ ಕೆಲವೊಮ್ಮೆ ಎಲ್ಲವೂ ಕೈಕೊಡುತ್ತದೆ. 1997ರ ಜೂನ್ 29ರಂದು ಬ್ರಿಟನ್ನಿನ ರಾಯಲ್ ಪಿಜನ್ ರೇಸಿಂಗ್ ಅಸೋಸಿಯೇಷನ್ ತನ್ನ ನೂರನೇ ವರ್ಷದ ರೇಸಿಗೆ ಫ್ರಾನ್ಸಿನ ನಾಂಟ್‌ನಿಂದ 60,000ಕ್ಕೂ ಹೆಚ್ಚು ಹಕ್ಕಿಗಳನ್ನು ಬಿಟ್ಟಿತು. ದೊಡ್ಡ ಪಾಲು ವಾಪಸ್ಸು ಬರಲೇ ಇಲ್ಲ. ಹಕ್ಕಿಗಳು ಎರಡು ದೇಶಗಳ ನಡುವಿನ ಕಡಲುಗಾಲುವೆ ದಾಟುವ ಹೊತ್ತಿಗೆ ಕಾಂಕಾರ್ಡ್ ವಿಮಾನದ ಶಬ್ದಾಘಾತ ಅವುಗಳ ಹಾದಿಗೆ ಅಡ್ಡ ಬಿತ್ತು ಎಂದು ಜಾನ್ ಹ್ಯಾಗ್‌ಸ್ಟ್ರಮ್ ಎಂಬ ಭೂವಿಜ್ಞಾನಿ ಆಮೇಲೆ ವಾದಿಸಿದರು. ನಂಬುವವರು ನಂಬುತ್ತಾರೆ. ನನಗಂತೂ ಇದರಿಂದ ಸಿಗುವ ಬುದ್ಧಿಮಾತು ಚಿಕ್ಕದು: ದಣಿದ ಹಕ್ಕಿಯನ್ನು ಮೋಡದ ದಿನ ಬಿಡಬೇಡಿ, ಮಂಜು ಕರಗಿ ಬಿಸಿಲು ಬಿದ್ದ ಬೆಳಿಗ್ಗೆ ಬಿಡಿ. ಮಧ್ಯಾಹ್ನದ ಮೇಲೆ ಬಿಟ್ಟರೆ ಇನ್ನೊಬ್ಬರ ಬಾಲ್ಕನಿಗೆ ಕಳಿಸಿದ ಹಾಗೆ.

ಇನ್ನು ರಿಂಗು. ಮರಿ ಹುಟ್ಟಿ ವಾರವಾಗುವ ಹೊತ್ತಿಗೆ ತೊಡಿಸುವ ಈ ಬಳೆ ಆಮೇಲೆ ಕಳಚಲು ಬರುವುದಿಲ್ಲ. ಅದರ ಮೇಲೆ ಕ್ಲಬ್ಬಿನ ಅಕ್ಷರ, ಇಸವಿ, ಕ್ರಮಸಂಖ್ಯೆ. ಇಸವಿ ಈ ವರ್ಷದ್ದಾದರೆ ಅನುಭವವಿಲ್ಲದ ಎಳೆಯದು, ನಿಜವಾಗಿಯೂ ಗಲಿಬಿಲಿಗೊಂಡಿರಬಹುದು. ನಾಲ್ಕೈದು ವರ್ಷದ ಹಕ್ಕಿ ನೆಲಕ್ಕೆ ಇಳಿದಿದ್ದರೆ ಗಾಯ ಹುಡುಕಿ. ಇನ್ನೊಂದು ಕಾಲಲ್ಲಿ ರಬ್ಬರ್ ರಿಂಗೋ ಚಿಪ್ ಇರುವ ಪ್ಲಾಸ್ಟಿಕ್ ರಿಂಗೋ ಇದ್ದರೆ ಅದು ಈಗಷ್ಟೇ ರೇಸಿನಿಂದ ಹೊರಬಿದ್ದದ್ದು. ರೆಕ್ಕೆಯನ್ನೂ ಬಿಡಿಸಿ ನೋಡಿ, ಕೆಲವರು ಗರಿಯ ಮೇಲೆ ಫೋನ್ ನಂಬರಿನ ಮುದ್ರೆ ಒತ್ತಿರುತ್ತಾರೆ.

ಇದನ್ನು ಓದಲು ಬಾರದೆ ನಮ್ಮ ದೇಶದಲ್ಲಿ ಎಂಥೆಂಥ ಫಜೀತಿಗಳಾಗಿವೆ! 2020ರ ಮೇ ತಿಂಗಳಲ್ಲಿ ಜಮ್ಮುವಿನ ಕಠುವಾ ಗಡಿಯಲ್ಲಿ ಹಿಡಿದ ಪಾರಿವಾಳದ ಕಾಲಿನ ಅಂಕಿಗಳು ಗೂಢಲಿಪಿಯೆಂದು ಗುಲ್ಲೆದ್ದಿತು. ಅದು ನನ್ನ ಮೊಬೈಲ್ ನಂಬರು ಎಂದು ಗಡಿಯಾಚೆಯ ಹಳ್ಳಿಯವನೊಬ್ಬ ಹೇಳಿದ. 2023ರ ಮೇ ತಿಂಗಳಲ್ಲಿ ಮುಂಬೈನ ಚೆಂಬೂರಿನ ಪೀರ್ ಪಾವ್ ಜೆಟ್ಟಿಯಲ್ಲಿ ಸಿಕ್ಕಿದ ಹಕ್ಕಿಯ ಪಾಡು ಇನ್ನೂ ಕಷ್ಟದ್ದು. ಎರಡೂ ಕಾಲಿಗೆ ರಿಂಗು, ರೆಕ್ಕೆಯ ಅಡಿ ಚೀನೀ ಲಿಪಿಯಂಥ ಬರಹ. ಬೇಹುಗಾರಿಕೆಯ ಗುಮಾನಿಯಲ್ಲಿ ಪೊಲೀಸರು ಅದನ್ನು ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಗೆ ಒಪ್ಪಿಸಿದರು. ಕೊನೆಗೆ ಗೊತ್ತಾದದ್ದು, ಅದು ತೈವಾನಿನ ರೇಸ್ ಹಕ್ಕಿ. ಸಮುದ್ರದ ಮೇಲೆ ರೇಸು ನಡೆಸುವ ದೇಶ ಅದು. ಸುಸ್ತಾಗಿ ಯಾವುದೋ ಹಡಗು ಹತ್ತಿ ಬಂದಿತ್ತೇನೋ. ಬಿಡುಗಡೆಯಾದದ್ದು 2024ರ ಜನವರಿ 30ರಂದು. ಎಂಟು ತಿಂಗಳು! ಆ ಆಸ್ಪತ್ರೆಯವರು ಚೆನ್ನಾಗಿಯೇ ನೋಡಿಕೊಂಡರು, ಅದರಲ್ಲಿ ಅನುಮಾನವಿಲ್ಲ. ರಿಂಗು ಓದಬಲ್ಲ ಒಬ್ಬ ಹವ್ಯಾಸಿಯನ್ನು ಮೊದಲ ವಾರವೇ ಕರೆಸಿದ್ದರೆ ಸಾಕಿತ್ತು.

ಯಜಮಾನ ಸಿಕ್ಕಿದ ಮೇಲೂ ಕಥೆ ಸುಖಾಂತವಾಗಬೇಕೆಂದಿಲ್ಲ. "ಬರದೇ ಹೋದ ಹಕ್ಕಿ ನಂಗ್ಯಾಕಣ್ಣ, ನೀವೇ ಇಟ್ಕೊಳ್ಳಿ" ಎನ್ನುವವರಿದ್ದಾರೆ. ಅವರ ಶೆಲ್ಫಿನ ತುಂಬ ಕಪ್ಪುಗಳಿರಬಹುದು, ಅವರನ್ನು ಪಾರಿವಾಳದವರೆಂದು ನಾನು ಒಪ್ಪುವುದಿಲ್ಲ. ಅಂಥ ಹಕ್ಕಿಯನ್ನೂ ಒಮ್ಮೆ ಬಿಟ್ಟು ನೋಡಬೇಕು, ಹೋಗುತ್ತದೋ ಇಲ್ಲವೋ ಅದೇ ತೀರ್ಮಾನಿಸಲಿ. ಹೋಗದೆ ನಿಮ್ಮಲ್ಲಿಗೇ ಮರಳಿ ಬಂದರೆ ಆಗ ಇಟ್ಟುಕೊಳ್ಳಿ, ಇಲ್ಲವೇ ಸಾಕುವವರ ಕೈಗೆ ಕೊಡಿ.

ಬಿಡುವಾಗ ಆಕಾಶಕ್ಕೆ ಎಸೆಯುವುದು ಸಿನಿಮಾದವರ ಚಾಳಿ. ತಂತಿಗಳಿಲ್ಲದ ಬಯಲಲ್ಲಿ ಪೆಟ್ಟಿಗೆ ಇಟ್ಟು, ಬಾಗಿಲು ತೆಗೆದು ದೂರ ಸರಿಯಿರಿ. ಅದರ ಊರಿನ ದಿಕ್ಕು ಊಹಿಸಿ ಕಾರಿನಲ್ಲಿ ಅರ್ಧ ದಾರಿ ಒಯ್ಯುವ ಶ್ರಮ ಬೇಡ. ಬಿಟ್ಟ ಹೊತ್ತನ್ನು ಮಾತ್ರ ಯಜಮಾನನಿಗೆ ಅಲ್ಲಿಂದಲೇ ಫೋನ್ ಮಾಡಿ ಹೇಳಿ. ಅವನು ಗೂಡಿನ ಬಾಗಿಲು ತೆರೆದಿಟ್ಟು, ಮಿಕ್ಕ ಹಕ್ಕಿಗಳನ್ನು ಒಳಗೆ ಹಾಕಿ, ತಾರಸಿಯಲ್ಲಿ ಕಾಯಬೇಕಲ್ಲ. ಸಂಜೆಯೊಳಗೆ ಬರದಿದ್ದರೆ ನಿಮಗೇ ಮತ್ತೆ ಫೋನ್ ಮಾಡುತ್ತಾನೆ, ಎಷ್ಟು ಗಂಟೆಗೆ ಬಿಟ್ಟಿರಿ, ಯಾವ ಕಡೆ ತಿರುಗಿತು, ಎಷ್ಟು ಸುತ್ತು ಹಾಕಿತು ಎಂದು ಪ್ರಾಣ ತಿನ್ನುತ್ತಾನೆ. ನೋಡಿಟ್ಟುಕೊಂಡಿರಿ.