ವಂತಿಗೆ ಕೊಡದ ಊಟ

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ದೊರೈಸಾಮಿ ಸಬ್‌ವೇ ಕಡೆಗೆ ಒನ್‌ವೇಯಲ್ಲಿ ಎದುರು ನುಗ್ಗಿದ ಬೈಕಿನವನು ಪೊಲೀಸರ ಕಣ್ಣೆದುರೇ ಪಾರಾದನೆನ್ನಿ. ಫುಟ್‌ಪಾತಿನ ಮಾಮಾ ಒಬ್ಬರು ‘ತಪ್ಪಿಚ್ಚುಟ್ಟಾನ್ ಪಾ’, ತಪ್ಪಿಸಿಕೊಂಡುಬಿಟ್ಟನಪ್ಪ, ಎನ್ನುತ್ತಾರೆ. ಮನೆಗೆ ಹೋಗಿ ಅದನ್ನೇ ಹೇಳುವಾಗ ‘ಸ್ಕಾಟ್‌ಫ್ರೀ’, ಅಂದರೆ ದಂಡ ತೆರದೆ ಪಾರಾದ, ಎನ್ನುತ್ತಾರೆ. ತಮಿಳಿನಲ್ಲಿ ತುಸು ಮೆಚ್ಚುಗೆಯಿತ್ತು, ಇಂಗ್ಲಿಷಿನಲ್ಲಿ ಬರೀ ಹೊಟ್ಟೆಯುರಿ. ನನಗೆ ರುಚಿಸುವುದು ಈ ಹೊಟ್ಟೆಯುರಿಯೇ.

ಸ್ಕಾಟ್‌ಲೆಂಡಿಗೂ ಈ ಸ್ಕಾಟ್‌ಫ್ರೀಗೂ ನಂಟಿಲ್ಲ. ಹಳೆಯ ಇಂಗ್ಲೆಂಡಿನಲ್ಲಿ ಸ್ಕಾಟ್ ಎಂದರೆ ತೆರಿಗೆ, ಪ್ರತಿಯೊಬ್ಬನೂ ಕೊಡಬೇಕಾದ ಪಾಲು. ನಮ್ಮ ಊರಹಬ್ಬದ ವಂತಿಗೆಯಂಥದು. ಹೆಂಡದಂಗಡಿಯ ಲೆಕ್ಕಕ್ಕೂ ಅದೇ ಹೆಸರು. ಹಾಗಾಗಿ ನಿರ್ದೋಷಿಯೆಂದು ಕೋರ್ಟು ಬಿಟ್ಟವನಿಗೆ ಈ ಮಾತು ಸಲ್ಲದು. ಉಂಡಿರಬೇಕು, ವಂತಿಗೆ ಕೊಟ್ಟಿರಬಾರದು. ಆಗಲೇ ಪಕ್ಕದ ಎಲೆಯವನಿಗೆ ಉರಿಯುವುದು.

ಹೀಗೆ ಪಾರಾಗುವುದರ ಸೊಗಸು ಕಾಣಬೇಕಾದರೆ ತೆನಾಲಿ ರಾಮಕೃಷ್ಣನ ಹತ್ತಿರವೇ ಹೋಗಬೇಕು. ಸಾಯುವ ಬಗೆಯನ್ನು ನೀನೇ ಆರಿಸಿಕೋ ಎಂದ ಕೃಷ್ಣದೇವರಾಯನಿಗೆ ಅವನು ‘ಮುಪ್ಪಿನಿಂದ, ಪ್ರಭು’ ಎಂದನಂತೆ. ಫ್ರಾನ್ಸಿನ ವಿದೂಷಕ ಟ್ರಿಬುಲೆಯ ಬಗ್ಗೆಯೂ ಇದೇ ಕಥೆಯಿದೆ. ಚೆಂದದ ಕಥೆಯೇ, ಆದರೆ ಒಂದೇ ಉಸಿರಿಗೆ ಮುಗಿದುಹೋಗುತ್ತದೆ.

ಇನ್ನೊಂದನ್ನು ಚಪ್ಪರಿಸಬೇಕು. ಮರಣದಂಡನೆಯೆಂದು ರಾಮಕೃಷ್ಣನನ್ನು ಕುತ್ತಿಗೆವರೆಗೆ ಹೂಳಿದ್ದಾರೆ. ತುಳಿಯುವ ಆನೆ ಇನ್ನೂ ಬಂದಿಲ್ಲ. ಗೂನುಬೆನ್ನಿನ ಅಗಸನೊಬ್ಬ ಬಂದು, ಇದೇನು ಸ್ವಾಮಿ ಎನ್ನುತ್ತಾನೆ. ‘ನನಗೂ ಗೂನಿತ್ತು ಕಣಪ್ಪ, ನೆಟ್ಟಗಾಗಲಿ ಅಂತ ಹೂಳಿಸಿಕೊಂಡೆ. ತೆಗೆದು ನೋಡು.’ ಅಗಸ ಮಣ್ಣು ತೋಡುತ್ತಾನೆ. ಬೆನ್ನು ನೆಟ್ಟಗೇ ಇದೆ! ಎಂಥ ಸಾಕ್ಷಿ ನೋಡಿ: ಹೇಳಿದ್ದು ಸುಳ್ಳು, ತೋರಿಸಿದ್ದು ಅಪ್ಪಟ ನಿಜ. ಅಗಸ ತಾನೇ ಗುಂಡಿಗಿಳಿಯುತ್ತಾನೆ, ಹೂಳಿದ್ದಕ್ಕೆ ಕೈಮುಗಿಯುತ್ತಾನೆ ಕೂಡ. ನಗುತ್ತ ನಗುತ್ತ ಅರ್ಧದಲ್ಲಿ ಗಂಟಲು ಹಿಡಿಯುವುದು ಇಲ್ಲಿ. ಮೊದಲ ಕಥೆಯಲ್ಲಿ ಲೆಕ್ಕವೇ ಮಾಫಿ. ಇಲ್ಲಿ ಹಾಗಲ್ಲ, ವಂತಿಗೆ ಪೈಸೆ ಬಿಡದೆ ವಸೂಲಾಗುತ್ತದೆ, ಬೇರೆಯವನಿಂದ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸುವ ನಮ್ಮ ಗಾದೆಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಇಂಗ್ಲಿಷಿನವರ ಮಾತು ಪಾರಾದವನನ್ನು ನೋಡುತ್ತದೆ, ಮೇಕೆಯನ್ನಲ್ಲ.

ಮಕ್ಕಳಿಗೆ ಈ ಕಥೆ ಹೇಳುವ ದೊಡ್ಡವರು ರಾಮಕೃಷ್ಣ ಮನೆ ಸೇರಿದಲ್ಲಿಗೆ ಬೇಗ ಬೇಗ ಮುಗಿಸಿಬಿಡುತ್ತಾರೆ. ಮಕ್ಕಳು ಬಿಡಬೇಕಲ್ಲ: ‘ಆಮೇಲೆ ಅಗಸನಿಗೆ ಏನಾಯ್ತು?’