ಎರಡು ತಿಂಗಳ ಅಂಕ, ಎಪ್ಪತ್ತರ ಗೆರೆ

ಕನ್ನಡದ ಮಗುವಿಗೆ ಕನ್ನಡದಲ್ಲೇ ಪ್ರಶ್ನೆ ಕೇಳಿ ಬುದ್ಧಿ ಅಳೆಯುವ ಪರೀಕ್ಷೆಗಳ ಪೈಕಿ ಬಿನೆ-ಕಾಮತ್ ಪರೀಕ್ಷೆಯದು ಹಿರಿಯ ಸ್ಥಾನ. ಮನಶ್ಶಾಸ್ತ್ರಜ್ಞರ ಬಾಯಲ್ಲಿ ಅದು ಬರೀ ಬಿಕೆಟಿ. ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಬಿನೆ ಮಾಪಕವನ್ನು ಪರಿಷ್ಕರಿಸಿ, 1934ರಲ್ಲಿ ಅದರ ವಿವರ ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಈ ದೀರ್ಘಾಯುಷ್ಯದಲ್ಲಿ ಪರೀಕ್ಷೆಯ ಗುಣದ ಪಾಲೂ ಇದೆ, ನಮ್ಮ ಆಲಸ್ಯದ ಪಾಲೂ ಇದೆ. ಇವೆರಡನ್ನೂ ಬೇರ್ಪಡಿಸಿ ನೋಡಬೇಕು.

ಮೊದಲು ಗುಣ. ಆಲ್ಫ್ರೆಡ್ ಬಿನೆ 1905ರಲ್ಲಿ ಥಿಯೊಡೋರ್ ಸಿಮೋನ್ ಜೊತೆ ಪ್ಯಾರಿಸ್ಸಿನಲ್ಲಿ ಮೊದಲ ಮಾಪಕ ರೂಪಿಸಿದ್ದು, ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲಿಕ್ಕೆ. ಒಂದು ಪ್ರಶ್ನೆಯನ್ನು ಆಯಾ ವಯಸ್ಸಿನ ಬಹುಪಾಲು ಮಕ್ಕಳು ಉತ್ತರಿಸಬಲ್ಲರಾದರೆ ಅದು ಆ ವಯಸ್ಸಿನ ಪ್ರಶ್ನೆ. ಅಮೆರಿಕದ ಲೂಯಿಸ್ ಟರ್ಮನ್ 1916ರಲ್ಲಿ ಇದನ್ನೇ ಸ್ಟ್ಯಾನ್‌ಫರ್ಡ್-ಬಿನೆ ಎಂದು ಬೆಳೆಸಿದರು. ಆ ಪ್ರಶ್ನೆಗಳನ್ನು ಕನ್ನಡಕ್ಕೆ ತಂದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಕ್ಯಾಲಿಫೋರ್ನಿಯಾದ ಏಳು ವರ್ಷದ ಮಗು ಬಿಡಿಸುವ ಒಗಟು ನಮ್ಮಲ್ಲಿ ಆರಕ್ಕೇ ಬಿಡಿಸಲಾದೀತು, ಒಂಬತ್ತಕ್ಕೂ ಕಷ್ಟವಾದೀತು. ಕಾಮತರು ಇಲ್ಲಿನ ಮಕ್ಕಳ ಮೇಲೆಯೇ ಮಾಪಕವನ್ನು ಪ್ರಮಾಣೀಕರಿಸಿದರು. ಪ್ರಶ್ನೆ ಅನುವಾದವಾಗುತ್ತದೆ, ಮಾನಕ ಅನುವಾದವಾಗುವುದಿಲ್ಲ ಎಂಬ ಅರಿವು ಈ ಕೆಲಸದ ತಿರುಳು.

ಪರೀಕ್ಷೆ ನಡೆಸುವ ಕೋಣೆಯಲ್ಲಿ ಅದರ ಇನ್ನೊಂದು ಗುಣ ಕಾಣುತ್ತದೆ. ಅಂಕಿಗಳನ್ನು ಕೇಳಿ ಹಾಗೆಯೇ ಹೇಳುವುದು, ಆಕೃತಿ ನೋಡಿ ಬರೆಯುವುದು, ಪದದ ಅರ್ಥ ಹೇಳುವುದು, ಎರಡು ವಸ್ತುಗಳ ಹೋಲಿಕೆ ಹುಡುಕುವುದು, ಹೀಗೆ ಕೆಲಸ ಬದಲಾಗುತ್ತಲೇ ಇರುವುದರಿಂದ ಮಗುವಿಗೆ ಬೇಸರ ಬರದು. ಮೂರು ವರ್ಷದ ಮಟ್ಟದಿಂದಲೇ ಪ್ರಶ್ನೆಗಳಿರುವುದರಿಂದ, ಬೇರೆ ಪರೀಕ್ಷೆಗಳಲ್ಲಿ ಸೊನ್ನೆ ಪಡೆದು ಏಳುವ ಮಗು ಇಲ್ಲಿ ಒಂದಾದರೂ ಉತ್ತರ ಹೇಳಿ ನಗುತ್ತದೆ. ಅನುಭವಿ ಪರೀಕ್ಷಕರಿಗೆ ಇದು ಮಗುವಿನೊಡನೆ ಮಾತಿಗಿಳಿಯುವ ಒಳ್ಳೆಯ ದಾರಿ.

ತೊಡಕು ಶುರುವಾಗುವುದು ಮಾತು ಮುಗಿದು ಲೆಕ್ಕ ಬಂದಾಗ. ಹತ್ತು ವರ್ಷದ ಮಟ್ಟದವರೆಗೆ ಪ್ರತಿ ವಯಸ್ಸಿಗೆ ಆರು ಪ್ರಶ್ನೆ, ಪ್ರತಿ ಸರಿ ಉತ್ತರಕ್ಕೆ ಎರಡು ತಿಂಗಳ ಅಂಕ. ಹತ್ತು ವರ್ಷದ, ಅಂದರೆ 120 ತಿಂಗಳ ಮಗುವೊಂದು ಆರರ ಮಟ್ಟದ ಎಲ್ಲವನ್ನೂ ಉತ್ತರಿಸಿತು ಎನ್ನೋಣ. ಅಲ್ಲಿಗೆ 72 ತಿಂಗಳು. ಏಳರ ಮಟ್ಟದಲ್ಲಿ ನಾಲ್ಕು, ಎಂಟರಲ್ಲಿ ಎರಡು ಸರಿ, ಮುಂದೆ ಒಂದೂ ಇಲ್ಲ. ಒಟ್ಟು ಮಾನಸಿಕ ವಯಸ್ಸು 84 ತಿಂಗಳು. ಅದನ್ನು 120ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಐಕ್ಯೂ ಸರಿಯಾಗಿ 70. ಇನ್ನೊಂದೇ ಒಂದು ಉತ್ತರ ಸರಿಯಾಗಿದ್ದರೆ 72. ಬೌದ್ಧಿಕ ಅಂಗವೈಕಲ್ಯದ ಚರ್ಚೆಯಲ್ಲಿ ಎಪ್ಪತ್ತು ಎಂಬುದು ಗೆರೆ. ಆ ದಿನ ಮಗುವಿಗೆ ನೆಗಡಿ ಇತ್ತೇ, ಹೊರಗೆ ಆಟೋ ಹಾರ್ನ್ ಹೊಡೆಯಿತೇ ಎಂಬುದು ಕೂಡ ಆ ಗೆರೆಯ ಈಚೆ ಆಚೆ ತೀರ್ಮಾನಿಸಿಬಿಡಬಹುದು. ಅದಕ್ಕೇ ಇಂಥ ಅಂಕೆಗೆ ಎರಡೂ ಕಡೆ ಸುಮಾರು ಐದು ಅಂಕದ ಅಂಚು ಬಿಟ್ಟು ಓದಬೇಕೆಂದು ಮನೋವೈದ್ಯರ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5 ಹೇಳುವುದು.

ಲೆಕ್ಕದ ವಿಧಾನದಲ್ಲೇ ಇನ್ನೊಂದು ದೋಷವಿದೆ. ವಯಸ್ಸಿನಿಂದ ವಯಸ್ಸನ್ನು ಭಾಗಿಸುವ ಈ ಸೂತ್ರ 1912ರಲ್ಲಿ ವಿಲಿಯಂ ಸ್ಟರ್ನ್ ಸೂಚಿಸಿದ್ದು. ಅದರ ಪ್ರಕಾರ ಒಂದು ವರ್ಷ ಹಿಂದಿರುವ ಆರರ ಮಗುವಿಗೆ 83, ಒಂದೇ ವರ್ಷ ಹಿಂದಿರುವ ಹನ್ನೆರಡರ ಮಗುವಿಗೆ 92. ಅಂಕಗಳು ಹರಡಿಕೊಳ್ಳುವ ರೀತಿ ವಯಸ್ಸಿನಿಂದ ವಯಸ್ಸಿಗೆ ಬದಲಾಗುವುದರಿಂದ, ಆರರ 70 ಮತ್ತು ಹದಿನಾಲ್ಕರ 70 ಒಂದೇ ಅಲ್ಲ. ಡೇವಿಡ್ ವೆಕ್ಸ್‌ಲರ್ 1939ರಲ್ಲೇ ಬೇರೆ ದಾರಿ ಹಿಡಿದು, ಮಗುವಾಗಲಿ ದೊಡ್ಡವರಾಗಲಿ ತಮ್ಮದೇ ವಯಸ್ಸಿನವರ ಸರಾಸರಿಯಿಂದ ಎಷ್ಟು ದೂರವಿದ್ದಾರೆ ಎಂದು ಅಳೆಯತೊಡಗಿದರು. ಸ್ಟ್ಯಾನ್‌ಫರ್ಡ್-ಬಿನೆ ಕೂಡ 1960ರಲ್ಲಿ ಹಳೆಯ ಭಾಗಾಕಾರ ಬಿಟ್ಟಿತು. ತಾಯಿಯೇ ಬಿಟ್ಟ ಸೂತ್ರವನ್ನು ಮಗಳು ಇನ್ನೂ ಹಿಡಿದುಕೊಂಡಿದ್ದಾಳೆ.

ಎಲ್ಲಕ್ಕಿಂತ ದೊಡ್ಡದು ಮಾನಕದ ವಯಸ್ಸು. 1934ರ ಮಕ್ಕಳು ಆಣೆ-ಪೈಗಳಲ್ಲಿ ಲೆಕ್ಕ ಹಾಕುತ್ತಿದ್ದರು. ದಶಮಾಂಶ ನಾಣ್ಯ ಬಂದದ್ದೇ 1957ರಲ್ಲಿ. ಪ್ರಶ್ನೆ ಬದಲಿಸಿದರೆ ಇದು ಸರಿಹೋಗುತ್ತದೆ ಎಂದುಕೊಳ್ಳುವಂತಿಲ್ಲ. ತಲೆಮಾರಿನಿಂದ ತಲೆಮಾರಿಗೆ ಇಂಥ ಪರೀಕ್ಷೆಗಳಲ್ಲಿ ಮಕ್ಕಳ ಅಂಕ ಏರುತ್ತ ಹೋಗುತ್ತದೆಂದು ಜೇಮ್ಸ್ ಫ್ಲಿನ್ ತೋರಿಸಿಕೊಟ್ಟರು. ಅಮೆರಿಕದಲ್ಲಿ ಅದು ದಶಕಕ್ಕೆ ಸುಮಾರು ಮೂರು ಅಂಕ. ಇಲ್ಲಿನ ಏರಿಕೆ ಅಷ್ಟೇ ಎಂದು ಹೇಳಲಾಗದಿದ್ದರೂ ತಪ್ಪು ಯಾವ ಕಡೆಗೆ ವಾಲುತ್ತದೆಂಬುದು ಸ್ಪಷ್ಟ: ಹಳೆಯ ಮಾನಕ ಇಂದಿನ ಮಗುವಿಗೆ ಧಾರಾಳವಾಗಿ ಅಂಕ ಕೊಡುತ್ತದೆ. ಕೇಳಲಿಕ್ಕೆ ಉದಾರವೆನಿಸಿದರೂ, ನೆರವು ನಿಜಕ್ಕೂ ಬೇಕಾದ ಮಗು ಗೆರೆಯ ಮೇಲೆ ಉಳಿದು ಅಂಗವೈಕಲ್ಯದ ಪ್ರಮಾಣಪತ್ರವೂ ಇಲ್ಲದೆ, ಸವಲತ್ತೂ ಇಲ್ಲದೆ ಮನೆಗೆ ಹೋಗುತ್ತದೆ. ಇನ್ನು ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ ಅಥವಾ ಉರ್ದು ಆಡುವ ಮಗುವಿಗೆ ಮಾತಿನ ಮೇಲೇ ನಿಂತ ಪ್ರಶ್ನೆಗಳು ಬುದ್ಧಿಯನ್ನು ಅಳೆಯುತ್ತವೆಯೋ, ಕನ್ನಡವನ್ನು ಅಳೆಯುತ್ತವೆಯೋ ಎಂಬುದು ಬೇರೆಯೇ ಪ್ರಶ್ನೆ. ಅಲ್ಲಿ ತಪ್ಪು ಎದುರು ದಿಕ್ಕಿಗೆ ವಾಲುತ್ತದೆ. ಎರಡು ತಪ್ಪುಗಳು ಸೇರಿ ಸರಿಯಾಗುವುದಿಲ್ಲ, ಯಾವುದು ಎಷ್ಟು ಎಂದು ತಿಳಿಯದಂತಾಗುತ್ತದೆ ಅಷ್ಟೇ.

ಕಿರಾಣಿ ಅಂಗಡಿಯ ತಕ್ಕಡಿಗೂ ಕಾಲಕಾಲಕ್ಕೆ ಸರಕಾರಿ ಮುದ್ರೆ ಬೀಳಬೇಕು. ಮಗುವಿನ ಭವಿಷ್ಯ ತೂಗುವ ಮಾಪಕಕ್ಕೆ ಅಂಥ ಗಡುವಿಲ್ಲ. ಕಾರಣವೂ ಗುಟ್ಟಲ್ಲ. ಬೀದರಿನಿಂದ ಚಾಮರಾಜನಗರದವರೆಗೆ, ಹಳ್ಳಿ-ಪೇಟೆ, ಸರಕಾರಿ-ಖಾಸಗಿ ಶಾಲೆಗಳಿಂದ ಮಕ್ಕಳನ್ನು ಆರಿಸಿ, ಒಬ್ಬೊಬ್ಬರನ್ನೇ ಕೂರಿಸಿ ಪರೀಕ್ಷಿಸಿ ಹೊಸ ಮಾನಕ ಕಟ್ಟುವುದು ವರ್ಷಗಟ್ಟಲೆಯ ಕೆಲಸ. ಹಣ ಬೇಕು, ಹೆಸರು ಬರುವುದಿಲ್ಲ.

ಹಾಗಾಗಿ ನನ್ನ ತೀರ್ಪು ಹೀಗೆ: ಮಗು ಹೇಗೆ ಯೋಚಿಸುತ್ತದೆ, ಎಲ್ಲಿ ತಡವರಿಸುತ್ತದೆ ಎಂದು ತಿಳಿಯಲು ಬಿಕೆಟಿ ಇಂದಿಗೂ ಉಪಯುಕ್ತ. ಅದರ ಅಂಕೆಯೊಂದನ್ನೇ ಹಿಡಿದು ಪ್ರಮಾಣಪತ್ರ ಕೊಡುವುದಾಗಲಿ ನಿರಾಕರಿಸುವುದಾಗಲಿ ತಪ್ಪು. ಹೊಸ ಮಾನಕ ಬರುವವರೆಗೆ ಪ್ರತಿ ವರದಿಯಲ್ಲೂ ಮೂರು ಮಾತು ಇರಬೇಕು: ಮಾನಕ ಯಾವ ಕಾಲದ್ದು, ಅಂಕದ ಅಂಚು ಎಷ್ಟು, ಮತ್ತು ಮಗು ದಿನನಿತ್ಯ ಊಟ, ಬಟ್ಟೆ, ಅಂಗಡಿ, ಆಟಗಳಲ್ಲಿ ಹೇಗೆ ನಿಭಾಯಿಸುತ್ತದೆ. ಕಾಮತರು ಟರ್ಮನ್ನರ ಮಾಪಕವನ್ನು ಕಣ್ಮುಚ್ಚಿ ಒಪ್ಪಲಿಲ್ಲ. ಅವರ ಮಾಪಕವನ್ನು ನಾವು ಕಣ್ಮುಚ್ಚಿ ಒಪ್ಪಿರುವುದು ಅವರಿಗೆ ಸಲ್ಲಿಸುವ ಗೌರವವಲ್ಲ.